ಕೆಂಪು ಚುಕ್ಕಿ ಹೇಳಿದ ದೂರ

ಕಿತ್ತೂರು ಕೋಟೆಯ ಪಾಳು ಅರಮನೆಯಲ್ಲಿ ಒಂದು ಕಿಂಡಿ ಇದೆ. ಧ್ರುವ ನಕ್ಷತ್ರ ನೋಡಲೆಂದೇ ಮಾಡಿಸಿದ್ದು ಎಂದು ಊರಿನವರು ಬಂದವರಿಗೆಲ್ಲ ತೋರಿಸುತ್ತಾರೆ. ಕಿತ್ತೂರು ಇರುವುದು ಭೂಮಧ್ಯರೇಖೆಯಿಂದ ಸುಮಾರು ಹದಿನೈದೂವರೆ ಡಿಗ್ರಿ ಉತ್ತರಕ್ಕೆ. ಹಾಗಾಗಿ ಅಲ್ಲಿ ನಿಂತವರಿಗೆ ಧ್ರುವವೂ ಉತ್ತರ ದಿಗಂತದಿಂದ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಮೇಲೆ ಕಾಣುತ್ತದೆ. ರಾಣಿ ಚೆನ್ನಮ್ಮನ ಕಾಲದಲ್ಲಿ ಅದು ಆಕಾಶದ ನಿಜವಾದ ಧ್ರುವಬಿಂದುವಿನಿಂದ ಒಂದೂವರೆ ಡಿಗ್ರಿಗೂ ಹೆಚ್ಚು ಸರಿದಿತ್ತು. ಈಗ ಆ ಅಂತರ ಮುಕ್ಕಾಲು ಡಿಗ್ರಿಯೂ ಇಲ್ಲ.

ಕಿಂಡಿಯಿಂದ ದಿಕ್ಕು ಸಿಗುತ್ತದೆ, ದೂರ ಸಿಗುವುದಿಲ್ಲ. ಧ್ರುವ ನಕ್ಷತ್ರ ನಮ್ಮಿಂದ 430ರಿಂದ 450 ಜ್ಯೋತಿರ್ವರ್ಷಗಳ ಆಚೆಗಿದೆ ಎಂದು ತಿಳಿಯುವುದಕ್ಕೆ ಇಪ್ಪತ್ತನೆಯ ಶತಮಾನವೇ ಬರಬೇಕಾಯಿತು. ಬರಿಗಣ್ಣಿಗೆ ನಿಶ್ಚಲವೆನಿಸುವ ಈ ನಕ್ಷತ್ರ ಸುಮಾರು ನಾಲ್ಕು ದಿನಕ್ಕೊಮ್ಮೆ ಉಬ್ಬಿ ಇಳಿಯುತ್ತದೆ, ಅದರ ಬೆಳಕೂ ತುಸು ಏರಿಳಿಯುತ್ತದೆ. ಹೀಗೆ ಮಿಡಿಯುವ ನಕ್ಷತ್ರಗಳಿಗೆ ಸೆಫೀಡ್ ಎಂದು ಹೆಸರು. ಕಳೆದ ನೂರು ವರ್ಷ ಗೆಲಾಕ್ಸಿಗಳ ದೂರ ಅಳೆದಿದ್ದು ಬಹುಪಾಲು ಸೆಫೀಡ್‌ಗಳನ್ನೇ ನಂಬಿ.

ಈಗ ಸೆಫೀಡ್‌ಗಳಿಗೆ ಒಬ್ಬ ಪ್ರತಿಸ್ಪರ್ಧಿ ಹುಟ್ಟಿಕೊಂಡಿದ್ದಾನೆ. ಅವನು ಅಪರೂಪದವನಲ್ಲ, ವಯಸ್ಸಾದವನು, ಎಲ್ಲ ಬಗೆಯ ಗೆಲಾಕ್ಸಿಗಳಲ್ಲೂ ದೊಡ್ಡ ಸಂಖ್ಯೆಯಲ್ಲಿ ಇರುವವನು. ಅವನೇ ಕೆಂಪು ದೈತ್ಯ.

ಮಳೆಯ ಹೆಸರಿನ ದೈತ್ಯರು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ರೈತರಿಗೆ ಎರಡು ಕೆಂಪು ದೈತ್ಯರ ಹೆಸರು ಬಾಯಿಪಾಠ. ಒಂದು ರೋಹಿಣಿ, ಇನ್ನೊಂದು ಸ್ವಾತಿ. ಮೇ 25ರ ಸುಮಾರಿಗೆ ಸೂರ್ಯ ರೋಹಿಣಿಗೆ ಬಂದಾಗ ಮುಂಗಾರಿನ ಬಿತ್ತನೆಗೆ ಕೂರಿಗೆ ಸಜ್ಜಾಗುತ್ತದೆ. ಅಕ್ಟೋಬರ್ 23–24ರ ಹೊತ್ತಿಗೆ ಸ್ವಾತಿ ಶುರುವಾಗುವಾಗ ಮಲಪ್ರಭಾ ದಂಡೆಯ ಎರೆ ಹೊಲಗಳಲ್ಲಿ ಹಿಂಗಾರಿ ಜೋಳ, ಕಡಲೆ ಮೊಳೆತು ಇನ್ನೊಂದು ಹದ ಮಳೆಗೆ ಕಾಯುತ್ತಿರುತ್ತವೆ. ರೋಹಿಣಿ ಮಳೆ ನಡೆಯುವಾಗ ರೋಹಿಣಿ ನಕ್ಷತ್ರ ಕಾಣದು, ಸ್ವಾತಿ ಮಳೆಯಲ್ಲಿ ಸ್ವಾತಿ ಕಾಣುವುದು ಕಷ್ಟ. ಆಯಾ ಮಳೆಯ ದಿನಗಳಲ್ಲಿ ಸೂರ್ಯನೇ ಆ ಕಡೆ ಇರುವುದು ಇದಕ್ಕೆ ಕಾರಣ.

ರೋಹಿಣಿ ನಮ್ಮಿಂದ ಸುಮಾರು 65 ಜ್ಯೋತಿರ್ವರ್ಷ ದೂರದಲ್ಲಿದೆ. ಅದರ ಅಡ್ಡಳತೆ ಸೂರ್ಯನ ನಲವತ್ತು ಪಟ್ಟಿಗೂ ಹೆಚ್ಚು. ಸ್ವಾತಿ ಇನ್ನೂ ಹತ್ತಿರ, 37 ಜ್ಯೋತಿರ್ವರ್ಷ. ಅದರಲ್ಲಿರುವ ದ್ರವ್ಯ ಹೆಚ್ಚುಕಡಿಮೆ ಸೂರ್ಯನಷ್ಟೇ, ಆದರೆ ಉಬ್ಬಿ ಸೂರ್ಯನ ಇಪ್ಪತ್ತೈದು ಪಟ್ಟು ಅಗಲವಾಗಿದೆ. ಎರಡೂ ಒಂದು ಕಾಲಕ್ಕೆ ಸೂರ್ಯನಂತೆಯೇ ಹೊಟ್ಟೆಯೊಳಗಿನ ಹೈಡ್ರೋಜನ್ ಉರಿಸಿಕೊಂಡು ಶಾಂತವಾಗಿದ್ದ ನಕ್ಷತ್ರಗಳು. ಆ ಇಂಧನ ತೀರಿದ ಮೇಲೆ ಹೊರಮೈ ಹಿಗ್ಗಿತು, ತಣಿಯಿತು, ಕೆಂಪೇರಿತು. ಆರಿದ್ರಾ, ಜ್ಯೇಷ್ಠಾ ಕೂಡ ಕೆಂಪೇ. ಆದರೆ ಅವು ಸೂರ್ಯನಿಗಿಂತ ಎಷ್ಟೋ ಪಟ್ಟು ಭಾರವಾಗಿ ಹುಟ್ಟಿದ ಮಹಾದೈತ್ಯರು. ದೂರ ಅಳೆಯುವ ಈ ಲೆಕ್ಕಕ್ಕೆ ಅವು ಬೇಡ.

ಅಕ್ಟೋಬರ್ 23ರಿಂದ 25ರವರೆಗೆ ಕಿತ್ತೂರು ಉತ್ಸವ. 1824ರಲ್ಲಿ ಅದೇ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕೋಟೆಯ ಮುಂದೆ ಹತನಾದ. ಉತ್ಸವದ ದೀಪಗಳಿಂದ ಒಂದಿಷ್ಟು ದೂರ ಸರಿದು, ಚಂದ್ರನಿಲ್ಲದ ರಾತ್ರಿ ಹನ್ನೊಂದರ ಹೊತ್ತಿಗೆ ಉತ್ತರಕ್ಕೆ ಮುಖ ಮಾಡಿ ತಲೆ ಎತ್ತಿದರೆ ಒಂದು ಮಸುಕು ಮಚ್ಚೆ ಕಂಡೀತು. ಅದು ದೇವಯಾನಿ ಗೆಲಾಕ್ಸಿ, ಅಂದರೆ ಆ್ಯಂಡ್ರೊಮೀಡಾ. ಇಲ್ಲಿಂದ 25 ಲಕ್ಷ ಜ್ಯೋತಿರ್ವರ್ಷ. ಅದರೊಳಗೂ ರೋಹಿಣಿ, ಸ್ವಾತಿಯಂಥ ದೈತ್ಯರು ಲೆಕ್ಕವಿಲ್ಲದಷ್ಟಿದ್ದಾರೆ. ಅವರಲ್ಲಿ ಅತಿ ಹೆಚ್ಚು ಬೆಳಗುವವರು ಕೂಡ ನಮ್ಮ ಕಣ್ಣಿಗೆ ಕಾಣುವ ಅತಿ ಮಂಕು ನಕ್ಷತ್ರಕ್ಕಿಂತ ಐದು ಲಕ್ಷ ಪಟ್ಟಿಗೂ ಹೆಚ್ಚು ಮಂಕು. ಅವರನ್ನು ಹಿಡಿಯಲು ದೊಡ್ಡ ದೂರದರ್ಶಕವೇ ಬೇಕು.

ಎಲ್ಲರದೂ ಒಂದೇ ಎತ್ತರ

ಸವದತ್ತಿ, ರಾಮದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಂತಿವೆ. ರಾತ್ರಿ ಅವುಗಳ ನೆತ್ತಿಯಲ್ಲಿ ವಿಮಾನಗಳಿಗೆ ಎಚ್ಚರಿಕೆಯಾಗಿ ಕೆಂಪು ದೀಪ ಉರಿಯುತ್ತದೆ. ಎಲ್ಲ ದೀಪಗಳೂ ಒಂದೇ ಶಕ್ತಿಯವು ಎಂದು ಗೊತ್ತಿದ್ದರೆ, ದಾರಿಯಲ್ಲಿ ನಿಂತವನು ಮಂಕಾಗಿ ಕಾಣುವುದು ದೂರದ್ದು, ನಿಚ್ಚಳವಾಗಿ ಕಾಣುವುದು ಹತ್ತಿರದ್ದು ಎಂದು ಹೇಳಿಬಿಡಬಹುದು. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ, ಮೂರು ಪಟ್ಟಾದರೆ ಒಂಬತ್ತರಲ್ಲಿ ಒಂದಕ್ಕೆ. ಬೆಳಕು ಅಳೆದರೆ ದೂರ ತಾನಾಗಿ ಬರುತ್ತದೆ. ತೊಡಕಿರುವುದು ಒಂದೇ ಕಡೆ: ಎಲ್ಲ ದೀಪಗಳೂ ಒಂದೇ ಶಕ್ತಿಯವು ಎಂದು ನಂಬುವುದು ಹೇಗೆ?

ನಕ್ಷತ್ರಗಳಲ್ಲಿ ಈ ನಂಬಿಕೆ ಸುಲಭಕ್ಕೆ ಸಿಗುವಂಥದ್ದಲ್ಲ. ಹುಟ್ಟುವಾಗಿನ ತೂಕ ಬೇರೆ, ವಯಸ್ಸು ಬೇರೆ, ಒಳಗಿನ ಲೋಹಾಂಶ ಬೇರೆ. ಕೆಂಪು ದೈತ್ಯರಲ್ಲೂ ರೋಹಿಣಿಯಂಥವು ಸೂರ್ಯನ ನಾಲ್ಕೈದು ನೂರು ಪಟ್ಟು ಬೆಳಗಿದರೆ ಸ್ವಾತಿ ಅದರ ಅರ್ಧದಷ್ಟೂ ಬೆಳಗದು. ಹೀಗಿರುವಾಗ ಯಾವನೋ ಒಬ್ಬ ದೈತ್ಯನನ್ನು ಹಿಡಿದು ಇವನು ಇಷ್ಟೇ ಬೆಳಗುತ್ತಾನೆ ಎನ್ನಲಾಗದು. ಆದರೆ ಎಲ್ಲರಿಗೂ ಅನ್ವಯಿಸುವ ಒಂದು ಮಿತಿ ಇದೆ. ಇವುಗಳ ಬೆಳಕು ಏರುತ್ತ ಏರುತ್ತ ಒಂದು ಹಂತಕ್ಕೆ ಬಂದು ಅಲ್ಲಿಂದ ಹಿಂದಿರುಗುತ್ತದೆ. ಆ ಹಂತ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ.

ಹೀಗಾಗುವುದು ನಕ್ಷತ್ರದ ಗರ್ಭದಿಂದ. ಕೆಂಪು ದೈತ್ಯನ ನಡುವೆ ಹೀಲಿಯಂನ ಗಟ್ಟಿ ಉಂಡೆ ಇರುತ್ತದೆ. ಗಾತ್ರ ಭೂಮಿಗಿಂತ ಕೆಲವೇ ಪಟ್ಟು ದೊಡ್ಡದು, ಆದರೆ ಅದರ ಮಧ್ಯದಲ್ಲಿ ಒಂದು ಘನ ಸೆಂಟಿಮೀಟರಿನ ತೂಕ ಟನ್‌ನ ಲೆಕ್ಕದಲ್ಲಿರುತ್ತದೆ. ಉಂಡೆಯ ಸುತ್ತ ತೆಳುವಾದ ಪದರದಲ್ಲಿ ಹೈಡ್ರೋಜನ್ ಉರಿದು ಹೀಲಿಯಂ ಆಗುತ್ತ ಕೆಳಗೆ ಸೇರುತ್ತಿರುತ್ತದೆ. ಉಂಡೆ ಭಾರವಾದಷ್ಟೂ ಸುತ್ತಲ ಪದರ ಬಿಸಿಯಾಗಿ ಇನ್ನೂ ಜೋರಾಗಿ ಉರಿಯುತ್ತದೆ, ನಕ್ಷತ್ರ ಇನ್ನೂ ಬೆಳಗುತ್ತದೆ. ಹೊರಮೈಯಲ್ಲಿ ಎಷ್ಟು ದ್ರವ್ಯ ಇದೆ ಎಂಬುದಕ್ಕೆ ಇಲ್ಲಿ ಬಹಳ ಬೆಲೆಯಿಲ್ಲ. ನಕ್ಷತ್ರ ಎಷ್ಟು ಬೆಳಗಬೇಕು ಎಂದು ತೀರ್ಮಾನಿಸುವುದು ಆ ಉಂಡೆಯ ತೂಕ.

ಇಷ್ಟು ಒತ್ತಾದ ಸ್ಥಿತಿಯಲ್ಲಿ ಉಂಡೆಯನ್ನು ಕುಸಿಯದಂತೆ ಹಿಡಿದಿರುವುದು ಶಾಖವಲ್ಲ, ಇಲೆಕ್ಟ್ರಾನ್‌ಗಳು ಪರಸ್ಪರ ಜಾಗ ಬಿಟ್ಟುಕೊಡದೆ ಒಡ್ಡುವ ಪ್ರತಿರೋಧ. ಹಾಗಾಗಿ ಬಿಸಿ ಏರಿದರೂ ಅದು ಹಿಗ್ಗಿ ತಣಿಯುವುದಿಲ್ಲ. ಉಂಡೆಯ ತೂಕ ಸೂರ್ಯನ ಅರ್ಧಕ್ಕಿಂತ ತುಸು ಕಡಿಮೆ, ಸುಮಾರು 0.47 ಪಾಲು ಮುಟ್ಟುವ ಹೊತ್ತಿಗೆ ಉಷ್ಣತೆ ಹತ್ತು ಕೋಟಿ ಡಿಗ್ರಿಗೆ ತಲುಪಿ ಹೀಲಿಯಂಗೇ ಕಿಡಿ ಹೊತ್ತಿಕೊಳ್ಳುತ್ತದೆ. ಹೊತ್ತಿದ ಬೆಂಕಿಗೆ ಕಡಿವಾಣವಿಲ್ಲ. ಅಲ್ಪಕಾಲ ಆ ಗರ್ಭದಲ್ಲಿ ಇಡೀ ಗೆಲಾಕ್ಸಿಯೊಂದಕ್ಕೆ ಸಮನಾದ ಶಕ್ತಿ ಹುಟ್ಟುತ್ತದೆ. ಸೋಜಿಗವೆಂದರೆ ಅದರಲ್ಲಿ ಏನೂ ಹೊರಗೆ ಕಾಣುವುದಿಲ್ಲ. ಅಷ್ಟೂ ಶಕ್ತಿ ಬಿಗಿದ ಉಂಡೆಯನ್ನು ಸಡಿಲಿಸುವುದಕ್ಕೇ ಖರ್ಚಾಗಿಹೋಗುತ್ತದೆ. ಇದನ್ನು ಹೀಲಿಯಂ ಸ್ಫೋಟ ಎನ್ನುತ್ತಾರೆ. ಮಾರ್ಟಿನ್ ಶ್ವಾರ್ಟ್ಸ್‌ಚೈಲ್ಡ್ ಮತ್ತು ರಿಚರ್ಡ್ ಹಾರ್ಮ್ 1960ರ ದಶಕದ ಆರಂಭದಲ್ಲಿ ಕಂಪ್ಯೂಟರಿನಲ್ಲಿ ಇದರ ಲೆಕ್ಕ ಹಾಕಿದರು.

ಸ್ಫೋಟದ ನಂತರ ನಕ್ಷತ್ರದ ಹೊರಬೆಳಕು ಇಳಿಯುತ್ತದೆ. ಸೂರ್ಯನ ಎರಡು ಸಾವಿರ ಪಟ್ಟಿಗೂ ಹೆಚ್ಚು ಬೆಳಗುತ್ತಿದ್ದದ್ದು ಸುಮಾರು ಐವತ್ತು ಪಟ್ಟಿಗೆ ಬಂದು ನಿಲ್ಲುತ್ತದೆ. ಹುಟ್ಟುವಾಗ ಸೂರ್ಯನಷ್ಟೇ ತೂಗಿದ್ದರೂ, ಒಂದೂವರೆ ಪಟ್ಟು ತೂಗಿದ್ದರೂ, ಕಿಡಿ ಹೊತ್ತುವಾಗ ಉಂಡೆಯ ತೂಕ ಒಂದೇ ಆದ್ದರಿಂದ ಶಿಖರದ ಬೆಳಕೂ ಒಂದೇ. ಸೂರ್ಯನ ಎರಡು ಪಟ್ಟಿಗಿಂತ ಕಡಿಮೆ ತೂಕದ ನಕ್ಷತ್ರಗಳೆಲ್ಲ ಈ ನಿಯಮಕ್ಕೆ ಒಳಪಟ್ಟವು. ಗೆಲಾಕ್ಸಿಯ ಕೆಂಪು ದೈತ್ಯರನ್ನೆಲ್ಲ ಬೆಳಕಿನ ಕ್ರಮದಲ್ಲಿ ಎಣಿಸುತ್ತ ಹೋದರೆ ಒಂದು ಮಟ್ಟದ ಕೆಳಗೆ ಸಾವಿರಾರು, ಅದರ ಮೇಲೆ ಬೆರಳೆಣಿಕೆ. ಆ ಅಂಚು ಎಲ್ಲಿ ಬೀಳುತ್ತದೆ ಎಂದು ಗೊತ್ತಾದರೆ ಗೆಲಾಕ್ಸಿ ಎಷ್ಟು ದೂರ ಎಂದೂ ಗೊತ್ತಾಗುತ್ತದೆ.

ಕತ್ತಲೆ ಕೊಟ್ಟ ಸುಳಿವು

ಈ ಕೆಂಪು ಅಂಚನ್ನು ಮೊದಲು ಕಂಡವನು ಜರ್ಮನಿಯಲ್ಲಿ ಹುಟ್ಟಿದ ವಾಲ್ಟರ್ ಬಾಡೆ. ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದ ಸಹೋದ್ಯೋಗಿಗಳು ಯುದ್ಧದ ಕೆಲಸಕ್ಕೆ ಹೋದರು. ಶತ್ರು ದೇಶದ ಪ್ರಜೆ ಎಂಬ ಕಾರಣಕ್ಕೆ ಬಾಡೆಗೆ ಆ ಯುದ್ಧದ ಕೆಲಸಕ್ಕೆ ಪ್ರವೇಶವಿರಲಿಲ್ಲ. ನೂರು ಅಂಗುಲದ ದೂರದರ್ಶಕ ಅವನ ಪಾಲಿಗೆ ಬಂತು. ದಾಳಿಯ ಭಯಕ್ಕೆ ಕೆಳಗಿನ ಲಾಸ್ ಏಂಜಲಿಸ್ ನಗರದ ದೀಪಗಳನ್ನು ಆರಿಸಿದ್ದರು. ಆ ಕತ್ತಲೆಯಲ್ಲಿ, ಕೆಂಪು ಬೆಳಕಿಗೆ ಸ್ಪಂದಿಸುವ ಫಲಕಗಳನ್ನು ಬಳಸಿ, ದೇವಯಾನಿಯ ನಡುಭಾಗವನ್ನೂ ಅದರ ಎರಡು ಜೊತೆಗಾರ ಗೆಲಾಕ್ಸಿಗಳನ್ನೂ ಅವನು ಬಿಡಿಬಿಡಿ ನಕ್ಷತ್ರಗಳಾಗಿ ಒಡೆದು ತೋರಿಸಿದ. 1944ರಲ್ಲಿ ಅದು ಪ್ರಕಟವಾಯಿತು. ಅಲ್ಲಿಯವರೆಗೆ ಬರೀ ಮಂಜಾಗಿ ಕಾಣುತ್ತಿದ್ದುದರಲ್ಲಿ ಅವನಿಗೆ ಕಂಡದ್ದು ಕೆಂಪು ದೈತ್ಯರ ತುದಿ.

ಯುದ್ಧ ಮುಗಿದ ಮೇಲೆ ಪಾಲೊಮಾರ್‌ನಲ್ಲಿ ಇನ್ನೂರು ಅಂಗುಲದ ದೂರದರ್ಶಕ ಬಂತು. ದೇವಯಾನಿ ಖಗೋಳಜ್ಞ ಎಡ್ವಿನ್ ಹಬಲ್ ಸೆಫೀಡ್‌ಗಳಿಂದ ಲೆಕ್ಕ ಹಾಕಿ ಹೇಳಿದಷ್ಟೇ ದೂರದಲ್ಲಿದ್ದರೆ ಇನ್ನೊಂದು ಬಗೆಯ ಮಿಡಿಯುವ ಹಳೆಯ ನಕ್ಷತ್ರಗಳು, ಆರ್‌ಆರ್ ಲೈರಾಗಳು, ಆ ದೂರದರ್ಶಕದ ಫಲಕಗಳಲ್ಲಿ ಕಾಣಲೇಬೇಕಿತ್ತು. ಕಾಣಲಿಲ್ಲ. ಕಂಡದ್ದು ಮತ್ತೆ ಅದೇ ಕೆಂಪು ದೈತ್ಯರ ತುದಿ, ಅದೂ ಫಲಕದ ಕಟ್ಟಕಡೆಯ ಮಿತಿಯಲ್ಲಿ. ಅಂದರೆ ದೇವಯಾನಿ ಅಂದುಕೊಂಡದ್ದಕ್ಕಿಂತ ಎರಡು ಪಟ್ಟಿನಷ್ಟು ದೂರ. ಸೆಫೀಡ್‌ಗಳಲ್ಲಿ ಎರಡು ಜಾತಿ ಇವೆ, ಹಬಲ್ ಕಾಲದ ಲೆಕ್ಕದಲ್ಲಿ ಅವು ಕಲಸಿಹೋಗಿದ್ದವು. 1952ರಲ್ಲಿ ರೋಮ್‌ನಲ್ಲಿ ಸೇರಿದ ಖಗೋಳಜ್ಞರ ಸಭೆಯಲ್ಲಿ ಬಾಡೆ ಇದನ್ನು ಹೇಳಿದಾಗ ವಿಶ್ವದ ಅಳತೆ ಒಮ್ಮೆಲೇ ಇಮ್ಮಡಿಯಾಯಿತು.

ಆದರೂ ಕೆಂಪು ಅಂಚು ಅಳತೆಗೋಲಾಗಲು ಇನ್ನೂ ನಾಲ್ಕು ದಶಕ ಹಿಡಿಯಿತು. ಫಲಕಗಳ ಜಾಗಕ್ಕೆ ಎಲೆಕ್ಟ್ರಾನಿಕ್ ಸಂವೇದಕಗಳು ಬಂದ ಮೇಲೆ ನಕ್ಷತ್ರಗಳ ಬೆಳಕನ್ನು ನಿಖರವಾಗಿ ಎಣಿಸುವುದು ಸಾಧ್ಯವಾಯಿತು. 1993ರಲ್ಲಿ ಮ್ಯುಂಗ್ ಗ್ಯೂನ್ ಲೀ, ವೆಂಡಿ ಫ್ರೀಡ್‌ಮನ್, ಬ್ಯಾರಿ ಮ್ಯಾಡೋರ್ ಅಂಚನ್ನು ಕಣ್ಣಂದಾಜಿಗೆ ಬಿಡದೆ ಗಣಿತದ ಸೂತ್ರದಿಂದ ಹುಡುಕುವ ಕ್ರಮವನ್ನು ರೂಪಿಸಿದರು. ಚಿತ್ರದಲ್ಲಿ ವಸ್ತುವಿನ ಗಡಿ ಗುರುತಿಸಲು ಕಂಪ್ಯೂಟರ್ ತಜ್ಞರು ಬಳಸುವ ಸೂತ್ರವೇ ಅದು. ಎಣಿಕೆ ಎಲ್ಲಿ ಥಟ್ಟನೆ ಜಿಗಿಯುತ್ತದೋ ಅಲ್ಲಿ ಅಂಚು.

ಕೆಂಪು ದೈತ್ಯರನ್ನು ಹುಡುಕುವುದು ಗೆಲಾಕ್ಸಿಯ ಹೊರವಲಯದಲ್ಲಿ. ಅಲ್ಲಿ ಧೂಳು ಕಡಿಮೆ, ನಕ್ಷತ್ರಗಳ ನೂಕುನುಗ್ಗಲೂ ಕಡಿಮೆ. ಸೆಫೀಡ್‌ಗಳಿಗೆ ಈ ಸವಲತ್ತಿಲ್ಲ. ಅವು ಎಳೆಯ ವಯಸ್ಸಿನವಾದ್ದರಿಂದ ಹೊಸ ನಕ್ಷತ್ರಗಳು ಹುಟ್ಟುವ ಧೂಳಿನ ಸುರುಳಿ ತೋಳುಗಳಲ್ಲೇ ಇರುತ್ತವೆ. ಅವುಗಳ ಮಿಡಿತ ಹಿಡಿಯಲು ಒಂದೇ ಜಾಗಕ್ಕೆ ಹಲವು ಸಲ ದೂರದರ್ಶಕ ತಿರುಗಿಸಬೇಕು. ಕೆಂಪು ದೈತ್ಯರಿಗೆ ಒಂದು ಸಲ ಸಾಕು. ಅಲ್ಲದೆ ಸೆಫೀಡ್ ಹುಟ್ಟದ ದೀರ್ಘವೃತ್ತಾಕಾರದ ಮುದಿ ಗೆಲಾಕ್ಸಿಗಳಲ್ಲೂ ಕುಬ್ಜ ಗೆಲಾಕ್ಸಿಗಳಲ್ಲೂ ಕೆಂಪು ದೈತ್ಯರು ಇದ್ದೇ ಇರುತ್ತಾರೆ. ಹಬಲ್ ಬಾಹ್ಯಾಕಾಶ ದೂರದರ್ಶಕ ಹೀಗೆ ಅಳೆದ ಗೆಲಾಕ್ಸಿಗಳ ಸಂಖ್ಯೆ ಐನೂರರ ಹತ್ತಿರಕ್ಕೆ ಬಂದಿದೆ.

ಇಷ್ಟಾದರೂ ಮೊದಲ ದೀಪದ ಶಕ್ತಿ ಎಷ್ಟೆಂದು ಯಾರಾದರೂ ಹತ್ತಿರ ಹೋಗಿ ಅಳೆಯಬೇಕಲ್ಲ! ಅದಕ್ಕೆ ಆಧಾರವಾದವುಗಳಲ್ಲಿ ಒಂದು ರಾಮದುರ್ಗದ ಬಯಲಿನಿಂದಲೂ ಕಾಣುತ್ತದೆ. ಏಪ್ರಿಲ್, ಮೇ ತಿಂಗಳ ರಾತ್ರಿ ದಕ್ಷಿಣ ದಿಗಂತದಿಂದ ಇಪ್ಪತ್ತಾರು ಡಿಗ್ರಿ ಎತ್ತರದಲ್ಲಿ ಮಸುಕು ನಕ್ಷತ್ರದಂತೆ ತೋರುವ ಒಮೆಗಾ ಸೆಂಟಾರಿ ಸುಮಾರು ಒಂದು ಕೋಟಿ ನಕ್ಷತ್ರಗಳ ಗುಚ್ಛ. ದೂರ 17 ಸಾವಿರ ಜ್ಯೋತಿರ್ವರ್ಷದ ಆಸುಪಾಸು. 2001ರಲ್ಲಿ ಇಟಲಿಯ ಖಗೋಳಜ್ಞರು ಅದರೊಳಗಿನ, ಪರಸ್ಪರ ಗ್ರಹಣ ಹಿಡಿಸುವ ಜೋಡಿ ನಕ್ಷತ್ರವೊಂದರಿಂದ ಗುಚ್ಛದ ದೂರ ತಿಳಿದುಕೊಂಡು ಅದರ ಕೆಂಪು ಅಂಚಿನ ನಿಜಬೆಳಕನ್ನು ಲೆಕ್ಕ ಹಾಕಿದರು. ಇನ್ನೆರಡು ಆಧಾರಗಳೂ ಇವೆ. ದೊಡ್ಡ ಮೆಗೆಲಾನಿಕ್ ಮೋಡ ಎಂಬ ನೆರೆಯ ಗೆಲಾಕ್ಸಿಯ ದೂರವನ್ನು ಅಂಥದೇ ಜೋಡಿಗಳಿಂದ ಶೇಕಡಾ ಒಂದರ ನಿಖರತೆಗೆ ಅಳೆದಿದ್ದಾರೆ: ಸುಮಾರು 1.62 ಲಕ್ಷ ಜ್ಯೋತಿರ್ವರ್ಷ. ಎನ್‌ಜಿಸಿ 4258 ಎಂಬ ಗೆಲಾಕ್ಸಿಯಲ್ಲಿ ಕಪ್ಪುಕುಳಿಯ ಸುತ್ತ ತಿರುಗುವ ನೀರಾವಿಯ ಮೋಡಗಳ ರೇಡಿಯೊ ಅಲೆಗಳಿಂದಲೇ ಜ್ಯಾಮಿತಿಯ ದೂರ ಸಿಗುತ್ತದೆ. ಅದು ಸುಮಾರು 2.5 ಕೋಟಿ ಜ್ಯೋತಿರ್ವರ್ಷ.

ಕೋರಮಂಗಲದಿಂದ ಕಂಡ ಮೋಡ

ದೇವಯಾನಿ ಉತ್ತರದಲ್ಲಿ ಅತಿ ಎತ್ತರಕ್ಕೇರಿರುವ ಗಳಿಗೆಯಲ್ಲೇ ಸರಿಯಾಗಿ ದಕ್ಷಿಣಕ್ಕೆ ತಿರುಗಿದರೆ ಚಿಕ್ಕ ಮೆಗೆಲಾನಿಕ್ ಮೋಡ ಇರಬೇಕು. ಲೆಕ್ಕದ ಪ್ರಕಾರ ಸವದತ್ತಿಯಿಂದ ಅದು ದಿಗಂತದ ಮೇಲೆ ಒಂದೂವರೆ ಡಿಗ್ರಿಯೂ ಏರುವುದಿಲ್ಲ. ಧೂಳು, ಗುಡ್ಡ, ಊರಿನ ಬೆಳಕು ಅದನ್ನು ನುಂಗಿಬಿಡುತ್ತವೆ. ಕರ್ನಾಟಕದಿಂದ ಚೆನ್ನಾಗಿ ಕಾಣದ ಈ ಗೆಲಾಕ್ಸಿಯ ಆಕಾರವನ್ನು ಕೆಂಪು ದೈತ್ಯರಿಂದ ಬಿಡಿಸಿದ ಮುಖ್ಯ ಕೆಲಸ ನಡೆದದ್ದು ಮಾತ್ರ ಬೆಂಗಳೂರಿನಲ್ಲಿ, ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯಲ್ಲಿ.

ಚಿಕ್ಕ ಮೋಡಕ್ಕೆ ಖಗೋಳ ಚರಿತ್ರೆಯಲ್ಲಿ ದೊಡ್ಡ ಸ್ಥಾನವಿದೆ. 1912ರಲ್ಲಿ ಹಾರ್ವರ್ಡ್‌ನ ಹೆನ್ರಿಯೆಟಾ ಲೆವಿಟ್ ಅದರೊಳಗಿನ 25 ಸೆಫೀಡ್‌ಗಳನ್ನು ಹೋಲಿಸಿ, ನಿಧಾನ ಮಿಡಿಯುವವು ಹೆಚ್ಚು ಬೆಳಗುತ್ತವೆ ಎಂಬ ನಿಯಮ ಕಂಡುಕೊಂಡಳು. ಎಲ್ಲವೂ ಒಂದೇ ಮೋಡದಲ್ಲಿರುವುದರಿಂದ ಎಲ್ಲವೂ ನಮ್ಮಿಂದ ಹೆಚ್ಚುಕಡಿಮೆ ಒಂದೇ ದೂರ ಎಂಬುದು ಅವಳ ತರ್ಕ. ನಿಯಮ ಹಿಡಿಯುವುದಕ್ಕೆ ಆ ತರ್ಕ ಸಾಕಾಯಿತು. ಆದರೆ ಮೋಡ ಎಷ್ಟು ದಪ್ಪ ಇದೆ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಖಭೌತ ಸಂಸ್ಥೆಯ ಸ್ಮಿತಾ ಸುಬ್ರಮಣಿಯನ್ ಮತ್ತು ಅನ್ನಪೂರ್ಣಿ ಸುಬ್ರಮಣಿಯಂ ಆ ಪ್ರಶ್ನೆಗೆ ಕೈಹಾಕಿದರು. ಅನ್ನಪೂರ್ಣಿ 2019ರಲ್ಲಿ ಆ ಸಂಸ್ಥೆಯ ನಿರ್ದೇಶಕಿಯಾದವರು. ಅವರಿಬ್ಬರು ಆರಿಸಿಕೊಂಡದ್ದು ಶಿಖರದಲ್ಲಿರುವ ದೈತ್ಯರನ್ನಲ್ಲ, ಹೀಲಿಯಂ ಸ್ಫೋಟ ಮುಗಿಸಿಕೊಂಡು ಕೆಳಗಿಳಿದು ನೆಮ್ಮದಿಯಾಗಿ ಹೀಲಿಯಂ ಉರಿಸುತ್ತಿರುವ ದೈತ್ಯರನ್ನು. ಇವು ಸುಮಾರು ಹತ್ತು ಕೋಟಿ ವರ್ಷ ಒಂದೇ ಬಗೆಯ ಬೆಳಕಿನಲ್ಲಿ ನಿಲ್ಲುವುದರಿಂದ ನಕ್ಷತ್ರಗಳ ನಕ್ಷೆಯಲ್ಲಿ ಒಂದೇ ಕಡೆ ಗುಂಪುಗಟ್ಟುತ್ತವೆ. ಶಿಖರದವರಿಗಿಂತ ಬೆಳಕು ಕಡಿಮೆ, ಸಂಖ್ಯೆ ಬಹಳ ಹೆಚ್ಚು. ಹತ್ತಿರದ ಗೆಲಾಕ್ಸಿಯ ಮೂಲೆಮೂಲೆಯ ದೂರವನ್ನು ಬೇರೆಬೇರೆಯಾಗಿ ತಿಳಿಯಲು ಇದು ಹೇಳಿಮಾಡಿಸಿದಂಥ ಸಾಧನ. ಚಿಲಿಯಲ್ಲಿ ಪೋಲೆಂಡಿನ ಖಗೋಳಜ್ಞರು ನಡೆಸುವ ಓಗ್ಲ್ ಸಮೀಕ್ಷೆಯ ದತ್ತಾಂಶ ಅವರ ಕಚ್ಚಾ ಸಾಮಗ್ರಿ.

ಒಂದು ಜಾಗದ ಗುಂಪಿನಲ್ಲಿ ಬೆಳಕು ಬಿಗಿಯಾಗಿದ್ದರೆ ಮೋಡ ಅಲ್ಲಿ ತೆಳು, ಹರಡಿಕೊಂಡಿದ್ದರೆ ದಪ್ಪ. 2009ರಲ್ಲಿ ಇಬ್ಬರೂ ಎರಡೂ ಮೋಡಗಳ ಆಳದ ಅಂದಾಜು ಪ್ರಕಟಿಸಿದರು. 2012ರಲ್ಲಿ ಈ ಗುಂಪಿನ ದೈತ್ಯರನ್ನೂ ಆರ್‌ಆರ್ ಲೈರಾಗಳನ್ನೂ ಒಟ್ಟಿಗೆ ಬಳಸಿ ಚಿಕ್ಕ ಮೋಡದ ಮೂರು ಆಯಾಮದ ರೂಪ ಕೊಟ್ಟರು. ನಮ್ಮ ದೃಷ್ಟಿರೇಖೆಯ ಉದ್ದಕ್ಕೆ ಅದು ಸುಮಾರು 45 ಸಾವಿರ ಜ್ಯೋತಿರ್ವರ್ಷ ಹರಡಿಕೊಂಡಿದೆ. ಒಂದು ಲಕ್ಷ ಜ್ಯೋತಿರ್ವರ್ಷ ಅಗಲದ ನಮ್ಮ ಆಕಾಶಗಂಗೆಯ ಮುಂದೆ ತೀರಾ ಚಿಕ್ಕ ಗೆಲಾಕ್ಸಿ ಎಂದು ಬಗೆದಿದ್ದ ಮೋಡಕ್ಕೆ ಇಷ್ಟು ಆಳ! ನಾವು ನೋಡುತ್ತಿರುವುದು ಅದರ ಚಪ್ಪಟೆ ಮುಖವಲ್ಲ, ಉದ್ದ ಚಾಚಿದ ದೇಹದ ತುದಿ.

ಐದು ವರ್ಷದ ನಂತರ ಇನ್ನೂ ವಿಚಿತ್ರವಾದ ಸಂಗತಿ ಹೊರಬಿತ್ತು. ಚಿಲಿಯ ಪರನಾಲ್ ವೀಕ್ಷಣಾಲಯದ ವಿಸ್ಟಾ ದೂರದರ್ಶಕದ ಅವಗೆಂಪು ಚಿತ್ರಗಳನ್ನು ಸ್ಮಿತಾ ನೇತೃತ್ವದ ಅಂತಾರಾಷ್ಟ್ರೀಯ ತಂಡ ಪರಿಶೀಲಿಸಿದಾಗ ಮೋಡದ ಪೂರ್ವ ಭಾಗದಲ್ಲಿ ದೈತ್ಯರ ಗುಂಪು ಒಂದಲ್ಲ, ಎರಡು ಕಂಡವು. ಒಂದು ಮೋಡದ ಮುಖ್ಯ ದೇಹದ್ದು, ಎರಡು ಲಕ್ಷ ಜ್ಯೋತಿರ್ವರ್ಷದಲ್ಲಿ. ಇನ್ನೊಂದು ಅದಕ್ಕಿಂತ ಸುಮಾರು 38 ಸಾವಿರ ಜ್ಯೋತಿರ್ವರ್ಷ ಈಚೆಗೆ. ದೊಡ್ಡ ಮೋಡದೊಂದಿಗಿನ ಇತ್ತೀಚಿನ ಮುಖಾಮುಖಿಯಲ್ಲಿ ಚಿಕ್ಕ ಮೋಡದ ಒಡಲಿನಿಂದ ಕಿತ್ತುಬಂದ ನಕ್ಷತ್ರಗಳಿವು ಎಂದು 2017ರಲ್ಲಿ ತಂಡ ಬರೆಯಿತು. ಎರಡೂ ಮೋಡಗಳ ನಡುವೆ ಅನಿಲದ ಸೇತುವೆ ಇರುವುದು ಮೊದಲೇ ಗೊತ್ತಿತ್ತು. ಅನಿಲದ ಜೊತೆಗೆ ಹಳೆಯ ನಕ್ಷತ್ರಗಳೂ ಎಳೆತಕ್ಕೆ ಸಿಕ್ಕಿ ಬಂದಿರುವುದನ್ನು ಹೇಳಿದ್ದು ಈ ಕೆಂಪು ದೈತ್ಯರು.

ಖಭೌತ ಸಂಸ್ಥೆಯ ಇನ್ನೊಂದು ಕೆಲಸ ನೇರವಾಗಿ ಹೀಲಿಯಂ ಸ್ಫೋಟಕ್ಕೇ ಸಂಬಂಧಿಸಿದ್ದು. ಮೊಬೈಲ್ ಬ್ಯಾಟರಿಗಳಿಂದ ಮನೆಮಾತಾಗಿರುವ ಲಿಥಿಯಂ ನಕ್ಷತ್ರಗಳೊಳಗೆ ಉಳಿಯುವುದೇ ಕಷ್ಟ. ಇಪ್ಪತ್ತೈದು ಲಕ್ಷ ಡಿಗ್ರಿಯ ಆಸುಪಾಸಿನಲ್ಲೇ ಅದು ನಾಶವಾಗುತ್ತದೆ, ದೈತ್ಯರು ಉಬ್ಬುತ್ತ ಹೋದಂತೆ ಇನ್ನಷ್ಟು ಕರಗುತ್ತದೆ. ಆದರೆ ವೈ. ಭರತ್ ಕುಮಾರ್, ಬಿ. ಈಶ್ವರ್ ರೆಡ್ಡಿ ಮತ್ತು ಸಂಗಡಿಗರು ಆಸ್ಟ್ರೇಲಿಯಾದ ಗಾಲಾ ಸಮೀಕ್ಷೆಯ ಸಾವಿರಾರು ನಕ್ಷತ್ರಗಳ ರೋಹಿತ ನೋಡಿದಾಗ, ಸ್ಫೋಟ ದಾಟಿ ಕೆಳಗಿಳಿದ ದೈತ್ಯರಲ್ಲಿ ಶಿಖರದಲ್ಲಿದ್ದವರಿಗಿಂತ ಸರಾಸರಿ ನಲವತ್ತು ಪಟ್ಟು ಲಿಥಿಯಂ ಕಂಡುಬಂತು. ಅದು 2020ರ ಮಾತು. ಮರುವರ್ಷ ಅದೇ ಸಂಸ್ಥೆಯ ಸಂಶೋಧಕರು ನಕ್ಷತ್ರಗಳ ಕಂಪನ ಬಳಸಿ, ಅತಿ ಹೆಚ್ಚು ಲಿಥಿಯಂ ಇರುವವು ಬಹುತೇಕ ಈಚೆಗಷ್ಟೇ ಸ್ಫೋಟ ದಾಟಿದವು ಎಂದು ತೋರಿಸಿದರು. ಹೊರಗೆ ಬೆಳಕಾಗಿ ಕಾಣದ ಸ್ಫೋಟ ಹೊರಮೈಯಲ್ಲಿ ಲಿಥಿಯಂನ ಗುರುತು ಬಿಟ್ಟುಹೋಗುತ್ತದೆ.

ದೂರ ತಪ್ಪಿದರೆ

ದೂರ ತಪ್ಪಾದರೆ ವಸ್ತುವಿನ ಜಾತಿಯೇ ಬದಲಾಗುತ್ತದೆ ಎಂಬುದಕ್ಕೆ ಎನ್‌ಜಿಸಿ 1052-ಡಿಎಫ್2 ಎಂಬ ಪೇಲವ ಗೆಲಾಕ್ಸಿ ಸಾಕ್ಷಿ. 2018ರಲ್ಲಿ ಪೀಟರ್ ವಾನ್ ಡಾಕಂ ತಂಡ ಇದರಲ್ಲಿ ಬೆಳಕು ಬೀರದ ಕಪ್ಪು ದ್ರವ್ಯವೇ ಇಲ್ಲ ಎಂದು ಘೋಷಿಸಿ ಸಂಚಲನ ಎಬ್ಬಿಸಿತು. ಗೆಲಾಕ್ಸಿ ಆ ತಂಡ ನಂಬಿದ್ದಕ್ಕಿಂತ ಹತ್ತಿರ, ಸುಮಾರು 4.2 ಕೋಟಿ ಜ್ಯೋತಿರ್ವರ್ಷದಲ್ಲಿದೆ ಎಂದು ಇನ್ನೊಂದು ತಂಡ ವಾದಿಸಿತು. ಹತ್ತಿರವಿದ್ದರೆ ನಕ್ಷತ್ರಗಳ ನಿಜಬೆಳಕು ಕಡಿಮೆ, ಅವುಗಳ ಒಟ್ಟು ತೂಕವೂ ಕಡಿಮೆ. ಆಗ ಗೆಲಾಕ್ಸಿಯ ಒಳಚಲನೆಯನ್ನು ವಿವರಿಸಲು ಎಲ್ಲ ಕಡೆಯಂತೆ ಕಪ್ಪು ದ್ರವ್ಯ ಬೇಕಾಗುತ್ತದೆ, ವಿಶೇಷ ಏನೂ ಉಳಿಯುವುದಿಲ್ಲ. ತೀರ್ಪು ಕೊಡಲು ಹಬಲ್ ದೂರದರ್ಶಕ ಭೂಮಿಯನ್ನು ನಲವತ್ತು ಸುತ್ತು ಹಾಕುವಷ್ಟು ಕಾಲ ಇದೊಂದನ್ನೇ ನೋಡಿತು. 2021ರಲ್ಲಿ ಕೆಂಪು ಅಂಚು ಸಿಕ್ಕಿತು. ದೂರ 7.2 ಕೋಟಿ ಜ್ಯೋತಿರ್ವರ್ಷ. ಹತ್ತಿರದ ವಾದ ಬಿತ್ತು.

ಇನ್ನೂ ದೊಡ್ಡ ಜಗಳ ಇತ್ಯರ್ಥವಾಗದೆ ನಡೆದಿದೆ. ಅದು ವಿಶ್ವ ಹಿಗ್ಗುವ ವೇಗದ್ದು. ಪ್ರತಿ 32.6 ಲಕ್ಷ ಜ್ಯೋತಿರ್ವರ್ಷ ದೂರಕ್ಕೆ ಗೆಲಾಕ್ಸಿಗಳು ಸೆಕೆಂಡಿಗೆ ಎಷ್ಟು ಕಿಲೋಮೀಟರ್ ಹೆಚ್ಚು ವೇಗದಲ್ಲಿ ಸರಿಯುತ್ತವೆ ಎಂಬುದೇ ಪ್ರಶ್ನೆ. ವಿಶ್ವದ ಶೈಶವದ ಬೆಳಕನ್ನು ಅಳೆದ ಪ್ಲಾಂಕ್ ಉಪಗ್ರಹದ ಲೆಕ್ಕ 67.4. ಸೆಫೀಡ್‌ಗಳನ್ನು ನಂಬಿರುವ ಆಡಂ ರೀಸ್ ತಂಡದ ಲೆಕ್ಕ ಸುಮಾರು 73. ಈ ಅಂತರ ನಿಜವಾದರೆ ಭೌತವಿಜ್ಞಾನದಲ್ಲಿ ಏನೋ ಬಿಟ್ಟುಹೋಗಿದೆ ಎಂದರ್ಥ. 2019ರಲ್ಲಿ ವೆಂಡಿ ಫ್ರೀಡ್‌ಮನ್ ತಂಡ ಕೆಂಪು ದೈತ್ಯರಿಂದ ಲೆಕ್ಕ ಮಾಡಿದಾಗ ಬಂದದ್ದು 69.8, ಎರಡರ ನಡುವೆ. ಅದೇ ಫ್ರೀಡ್‌ಮನ್ ಹಿಂದೆ, 2001ರಲ್ಲಿ, ಸೆಫೀಡ್‌ಗಳಿಂದ 72 ಎಂದಿದ್ದರು. 2024ರಲ್ಲಿ ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕದ ಅಳತೆಗಳೊಂದಿಗೆ ಅವರ ತಂಡ ಸುಮಾರು 70ಕ್ಕೆ ಬಂತು. ರೀಸ್ ತಂಡ ವೆಬ್‌ನ ಅಳತೆಗಳನ್ನೇ ಮುಂದಿಟ್ಟು, ಸೆಫೀಡ್ ಮತ್ತು ಕೆಂಪು ದೈತ್ಯರ ದೂರಗಳು ಹೊಂದುತ್ತವೆ, ಅಂತರ ಹಾಗೇ ಉಳಿದಿದೆ ಎನ್ನುತ್ತದೆ.

ಕೆಂಪು ದೈತ್ಯರ ಕಡೆಯಿಂದ ಇರುವ ಇಕ್ಕಟ್ಟು ಸಂಖ್ಯೆಯದು. ಇವು ಹತ್ತಾರು ಕೋಟಿ ಜ್ಯೋತಿರ್ವರ್ಷದಾಚೆ ಒಂಟಿಯಾಗಿ ಕಾಣುವುದಿಲ್ಲ. ಅಲ್ಲಿಂದ ಮುಂದಿನ ಅಳತೆಗೆ ಸಿಡಿಯುವ ನಕ್ಷತ್ರಗಳು, ಅಂದರೆ 1ಎ ಬಗೆಯ ಸೂಪರ್‌ನೋವಾಗಳು ಬೇಕು. ಸೂಪರ್‌ನೋವಾದ ನಿಜಬೆಳಕು ತಿಳಿಯಬೇಕಾದರೆ ಅದು ಕೆಂಪು ದೈತ್ಯರನ್ನು ಎಣಿಸಬಲ್ಲಷ್ಟು ಹತ್ತಿರದ ಗೆಲಾಕ್ಸಿಯಲ್ಲಿ ಸಿಡಿದಿರಬೇಕು. ನಮ್ಮಂಥ ಗೆಲಾಕ್ಸಿಯೊಂದರಲ್ಲಿ ಅದು ಶತಮಾನಗಳಿಗೊಮ್ಮೆ ನಡೆಯುವ ಘಟನೆ. 2019ರ ಲೆಕ್ಕಕ್ಕೆ ಒದಗಿದ್ದು ಅಂಥ 18 ಸೂಪರ್‌ನೋವಾಗಳು ಮಾತ್ರ.

ಈ ಕೊರತೆ ತುಂಬುವವರ ಸಾಲಿನಲ್ಲಿ ಹುಬ್ಬಳ್ಳಿಯಲ್ಲಿ ಶಾಲೆ ಕಲಿತ ಶ್ರೀನಿವಾಸ ಕುಲಕರ್ಣಿ ಇದ್ದಾರೆ. ಕ್ಯಾಲ್‌ಟೆಕ್‌ನ ಪ್ರಾಧ್ಯಾಪಕರಾದ ಅವರು ಮುನ್ನಡೆಸಿದ ಪಾಲೊಮಾರ್ ಸಮೀಕ್ಷೆ ಎಂ101 ಗೆಲಾಕ್ಸಿಯಲ್ಲಿ ಸಿಡಿದ ಸೂಪರ್‌ನೋವಾವನ್ನು 2011ರ ಆಗಸ್ಟ್ 24ರಂದು, ಸ್ಫೋಟವಾದ ಒಂದು ದಿನದೊಳಗೇ ಹಿಡಿಯಿತು. ಅಷ್ಟು ಎಳೆಯದಾಗಿ ಸಿಕ್ಕ 1ಎ ಸೂಪರ್‌ನೋವಾ ಅದಕ್ಕೂ ಮೊದಲು ಇರಲಿಲ್ಲ. ಎಂ101ರ ಹೊರವಲಯದ ಕೆಂಪು ದೈತ್ಯರನ್ನು ಎಣಿಸಿ ಅದರ ದೂರ ಸುಮಾರು 2.1 ಕೋಟಿ ಜ್ಯೋತಿರ್ವರ್ಷ ಎಂದು ಗೊತ್ತುಮಾಡಿದ್ದಾರೆ. ಆ ಒಂದು ಸ್ಫೋಟ ಇಂದಿಗೂ ಎರಡೂ ಬಣಗಳ ಪಟ್ಟಿಯಲ್ಲಿದೆ. ಪಾಲೊಮಾರ್ ಸಮೀಕ್ಷೆಯ ಮುಂದುವರಿದ ರೂಪ 2018ರಿಂದ ಉತ್ತರದ ಆಕಾಶವನ್ನು ಕೆಲವೇ ರಾತ್ರಿಗಳಿಗೊಮ್ಮೆ ಪೂರ್ತಿ ಜಾಲಾಡುತ್ತಿದೆ. ದಕ್ಷಿಣದ ಆಕಾಶ ನೋಡುವ ಚಿಲಿಯ ರೂಬಿನ್ ವೀಕ್ಷಣಾಲಯ 2025ರ ಜೂನ್‌ನಲ್ಲಿ ತನ್ನ ಮೊದಲ ಚಿತ್ರಗಳನ್ನು ಬಿಡುಗಡೆ ಮಾಡಿತು. ಹತ್ತಿರದ ಗೆಲಾಕ್ಸಿಯಲ್ಲಿ ಇನ್ನೊಂದು ಅಂಥ ಸ್ಫೋಟ ಇವರಲ್ಲಿ ಯಾರ ಕಣ್ಣಿಗೆ ಬಿದ್ದರೂ, ಬೆಳಕು ಆರುವ ಮೊದಲೇ ಆ ಗೆಲಾಕ್ಸಿಯ ಅಂಚಿನ ಕೆಂಪು ದೈತ್ಯರನ್ನು ಎಣಿಸಲು ವೆಬ್ ದೂರದರ್ಶಕದ ಸಮಯ ಕೋರಿ ಅರ್ಜಿಗಳು ಸಾಲುಗಟ್ಟುತ್ತವೆ.